ಗಿರಣಿ ಮನೆಗೆ ಬಂದ ಹೆಡ್‌ಫೋನ್

ಇವತ್ತು ಬೆಳಿಗ್ಗೆ ನಮ್ಮ ಗಿರಣಿಯ ಹಿಂದೆ, ನೀರು ಹರಿದುಹೋಗುವ ಮೋರಿಯ ಪಕ್ಕದಲ್ಲಿ, ಯಾರೂ ಹಚ್ಚದೆ ತಾನೇ ಎದ್ದು ನಿಂತ ಒಂದು ಟೊಮೆಟೊ ಗಿಡ ಕಣ್ಣಿಗೆ ಬಿತ್ತು. ಒಣಗಿದ ಎಲೆ ಒಂದೆರಡು ಕಿತ್ತು ಬಿಸಾಕಿದೆ. ಮಾಡಿದ್ದು ಅಷ್ಟೇ. ವಾಸನೆ ಮಾತ್ರ ಬೆರಳಿಗೆ ಹತ್ತಿಕೊಂಡು ಕೂತಿದೆ. ಸೋಪು ಹಚ್ಚಿ ತೊಳೆದೆ, ಹುಣಸೆಹಣ್ಣಿನಿಂದ ತಿಕ್ಕಿದೆ, ಕೊನೆಗೆ ಜೋಳದ ಹಿಟ್ಟಿನಲ್ಲೇ ಕೈ ಆಡಿಸಿದೆ. ಹೋಗಲಿಲ್ಲ. ನಿಮಗೆ ಟೊಮೆಟೊ ಹಣ್ಣಿನ ವಾಸನೆ ಗೊತ್ತಿರುತ್ತದೆ, ಎಲೆಯದು ಬೇರೆ. ಹಸಿ, ಕಟು, ಸ್ವಲ್ಪ ಸೀಮೆಎಣ್ಣೆಯ ಜಾತಿಯದು, ಆದರೆ ಕೆಟ್ಟದ್ದಲ್ಲ. ಒಮ್ಮೆ ಮೂಸಿದವನಿಗೆ ಮತ್ತೊಮ್ಮೆ ಮೂಸಬೇಕೆನಿಸುತ್ತದೆ. ಬೆಳಿಗ್ಗೆಯಿಂದ ನಾನು ಅದೇ ಕೆಲಸದಲ್ಲಿದ್ದೇನೆ. ಹಿಟ್ಟು ಬೀಸಿಸಲು ಬಂದ ಹೆಣ್ಣುಮಗಳೊಬ್ಬಳು ನನಗೆ ನೆಗಡಿಯೇ ಎಂದು ಕೇಳಿಬಿಟ್ಟಳು.

ಮೊದಲೇ ಹೇಳಿಬಿಡುತ್ತೇನೆ, ನನ್ನದು ಕೂತಲ್ಲಿ ಕೂರುವ ಜೀವವಲ್ಲ. ಗಿರಣಿ ನಡೆಯುವಾಗ ಹಿಟ್ಟು ಬೀಳುವುದನ್ನು ನೋಡುತ್ತೇನೆ, ಬಾಗಿಲಿಗೆ ಬಂದು ಬಸ್ಸು ನೋಡುತ್ತೇನೆ, ಒಳಗೆ ಹೋಗಿ ಬೆಲ್ಟು ನೋಡುತ್ತೇನೆ, ಮತ್ತೆ ಬಾಗಿಲಿಗೆ ಬರುತ್ತೇನೆ. ಕುಷ್ಟಗಿ ಎಂದರೆ ಎಲ್ಲ ಕಡೆಯ ರಸ್ತೆಗಳೂ ಬಂದು ಕೂಡುವ ಊರು, ಬಸ್ಸುಗಳಿಗೇನೂ ಬರವಿಲ್ಲ; ನನ್ನಂಥವನಿಗೆ ಹೇಳಿ ಮಾಡಿಸಿದ ಜಾಗ. ರವಿವಾರ ಗಿರಣಿ ಬಂದ್ ಇದ್ದಾಗಲೂ ನನ್ನ ತಿರುಗಾಟ ಬಂದ್ ಆಗುವುದಿಲ್ಲ. ಸುಮ್ಮನಿರುವ ಕೋಣೆಯಲ್ಲಿ ಕೂತರೆ ತಲೆಯೊಳಗೆ ಏನೋ ಗುಂಯ್‌ಗುಡುತ್ತದೆ, ಎದ್ದುಬಿಡುತ್ತೇನೆ. ಊಟಕ್ಕೆ ಕೂತಾಗಲೂ ಇವರದು ಒಂದು ಕಾಲು ಹೊರಗೇ ಇರುತ್ತದೆ ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ.

ಅಂಥವನು ಇವತ್ತು ಸ್ಟೂಲಿನ ಮೇಲೆ ಕೂತು ಬೆರಳು ಮೂಸುತ್ತಿರುವಾಗ ಶರಣಪ್ಪ ಬಂದ. ಎದುರು ಸಾಲಿನಲ್ಲಿ ಬಟ್ಟೆ ಅಂಗಡಿ ಇಟ್ಟವನು. ಯಾವತ್ತೂ ಆಳಿನ ಕೈಯಲ್ಲಿ ಜೋಳ ಕಳಿಸುವವನು ಇವತ್ತು ಡಬ್ಬಿಯನ್ನು ತಾನೇ ಹೊತ್ತು ತಂದಿದ್ದ. ಮನಸ್ಸಿನಲ್ಲಿ ಏನೋ ಇಟ್ಟುಕೊಂಡೇ ಬಂದಿದ್ದಾನೆ ಎಂದು ಅಲ್ಲಿಗೇ ತಿಳಿಯಿತು. ಜೋಳವನ್ನು ಗಿರಣಿಯ ಬಾಯಿಗೆ ಸುರಿದೆ. ಅವನು ನನ್ನ ಕಿವಿಯ ಹತ್ತಿರ ಬಂದು, ಗಿರಣಿಯ ಸಪ್ಪಳದ ಮೇಲೆ ಕೇಳುವ ಹಾಗೆ ಒದರಿದ. ನಮ್ಮಲ್ಲಿ ಎಲ್ಲರೂ ಒದರಿಯೇ ಮಾತಾಡುವುದು, ಗುಟ್ಟಿನ ಮಾತನ್ನೂ.

"ನಮ್ಮ ಹುಡುಗಿ ದಾಳಿಂಬ್ರಿ ಪ್ಯಾಕಿಂಗ್ ಶೆಡ್ಡಿಗೆ ಕೆಲಸಕ್ಕ ಹೊಕ್ಕೀನಿ ಅಂತ ಹಟಾ ಹಿಡದೈತ್ರಿ. ಯಾಕಂದ್ರ ಭಾರೀ ತುಟ್ಟಿ ಫೋನ್ ಬೇಕಂತ. ಇರೋ ಫೋನ್ ನೆಟ್ಟಗ ಐತಿ! ನೀವು ನಿಮ್ಮ ನೀಲಾನ್ನ ಆವಾಗ ಕಳಿಸಿದ್ರಲ್ರಿ, ಅದಕ್ಕ ನಿಮ್ಮನ್ನ ಕೇಳಾಕ ಬಂದೆ. ಕಳಿಸ್ಲೋ, ಬ್ಯಾಡೋ?"

"ಜೋಳ ಬೀಸೋದು ಮುಗೀಲಿ, ಹೇಳ್ತೀನಿ" ಎಂದೆ. ಅದು ಹೊತ್ತು ತಳ್ಳಲು ಹೇಳಿದ ಮಾತು. ಅವನು ಡಬ್ಬಿಯ ಮುಚ್ಚಳ ಹಿಡಿದುಕೊಂಡು ಗೋಡೆಗೆ ಒರಗಿ ನಿಂತ. ಅವನ ಜೋಳ ಹಿಟ್ಟಾಗುವಷ್ಟರಲ್ಲಿ ನಾನು ಉತ್ತರ ಹುಡುಕಬೇಕಾಗಿತ್ತು.

ನಿಜ ಹೇಳಬೇಕೆಂದರೆ ನಾನು ಮಗಳನ್ನು ಕಳಿಸಿದವನಲ್ಲ. ಅವಳು ಹೋದಳು, ನಾನು ತಡೆಯಲಾರದೆ ಉಳಿದೆ. ಊರಿನವರು ಮಾತ್ರ ನನಗೆ ಸುಧಾರಕನ ಪಟ್ಟ ಕಟ್ಟಿಬಿಟ್ಟಿದ್ದಾರೆ. ಯಾರದೇ ಮನೆಯಲ್ಲಿ ಮಗಳು ದುಡಿಯುತ್ತೇನೆಂದರೆ, ಬೇರೆ ಊರಿನ ಕಾಲೇಜಿಗೆ ಹೋಗುತ್ತೇನೆಂದರೆ, ಗಿರಣಿಯವರನ್ನು ಕೇಳಿ ಅನ್ನುತ್ತಾರೆ. ಈ ಪಟ್ಟ ನನಗೆ ಸಲ್ಲುವುದಿಲ್ಲ. ಬೇಡವೆನ್ನುವ ಮನಸ್ಸೂ ಇಲ್ಲ, ಅದೂ ನಿಜ.

ನಮ್ಮ ಮನೆ ಗಿರಣಿಯ ಬೆನ್ನಿಗೆ ಅಂಟಿಕೊಂಡಿದೆ. ನಡುವೆ ಒಂದೇ ಗೋಡೆ. ಗಿರಣಿ ಶುರುವಾಯಿತೆಂದರೆ ಅಡುಗೆಮನೆಯ ಹಲಗೆಯ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ, ನೀರು ತುಂಬಿದ ಕೊಡದಲ್ಲಿ ಸಣ್ಣ ಅಲೆ ಏಳುತ್ತದೆ. ಆ ಸಪ್ಪಳದ ಮೇಲೆ ಮಾತಾಡಿ ಮಾತಾಡಿ ನಮ್ಮ ಮನೆತನದ ಗಂಟಲೇ ಹಾಗಾಗಿದೆ. ಚಹಾ ಬೇಕೆಂದರೂ ಒದರಬೇಕು, ಸಾಕೆಂದರೂ ಒದರಬೇಕು. ಮದುವೆಯಾದ ಹೊಸದರಲ್ಲಿ ನನ್ನ ಮಾವನವರು ಯಲಬುರ್ಗಾದಿಂದ ಮಗಳನ್ನು ನೋಡಲು ಬಂದರು. ಸ್ವಲ್ಪ ಹೊತ್ತು ನಮ್ಮ ಮಾತುಕತೆ ಕೇಳಿದವರು ಅವಳನ್ನು ಪಕ್ಕಕ್ಕೆ ಕರೆದು, "ಇವ್ರು ಯಾಕವ್ವಾ ಇಷ್ಟು ಜಗಳ ಆಡ್ತಾರ?" ಎಂದು ಕೇಳಿದರಂತೆ. ಆಗ ನಾವು ಅವರ ಊಟಕ್ಕೆ ಏನು ಮಾಡಿಸುವುದೆಂದು ವಿಚಾರ ಮಾಡುತ್ತಿದ್ದೆವು.

ಗಿರಣಿಗೆ ಒಂದು ಕಟ್ಟುನಿಟ್ಟಿದೆ. ಬಾಯಲ್ಲಿ ಕಾಳು ಇರುವಾಗ ಅದನ್ನು ನಿಲ್ಲಿಸಬಾರದು. ನಿಲ್ಲಿಸಿದರೆ ಎರಡು ಕಲ್ಲುಗಳ ನಡುವೆ ಕಾಳು ಕಚ್ಚಿಕೊಂಡು ಬಿಡುತ್ತದೆ. ಮತ್ತೆ ಬಟನ್ ಒತ್ತಿದರೆ ಮೋಟರು ನರಳುತ್ತದೆಯೇ ಹೊರತು ತಿರುಗುವುದಿಲ್ಲ. ಕಲ್ಲು ಬಿಚ್ಚಿ, ಕೆರೆದು, ಮತ್ತೆ ಕೂಡಿಸುವುದರಲ್ಲಿ ಅರ್ಧ ದಿನ ಹಾಳು. ಅಪ್ಪ ನನಗೆ ಕಲಿಸಿದ ಮೊದಲ ಪಾಠ ಇದು. ನೀಲಾ ಹುಟ್ಟಿದಳೆಂದು ಆಳು ದವಾಖಾನೆಯಿಂದ ಓಡಿಬಂದು ಹೇಳಿದಾಗಲೂ ನಾನು ಯಾರದೋ ಗೋಧಿ ಮುಗಿಸಿಯೇ ಹೊರಟೆ. ಆ ಗೋಧಿ ಯಾರದೆಂದು ನಾನು ಮರೆತಿದ್ದೇನೆ. ಹೆಂಡತಿ ಏನನ್ನೂ ಮರೆತಿಲ್ಲ.

ನಮ್ಮವ್ವ ಅಪ್ಪನ ಕಾಲದಿಂದ ಗಿರಣಿಯಲ್ಲಿ ನಿಂತು ಹಿಟ್ಟು ಹಿಡಿದವಳು. ಅವಳ ಕಿವಿ ಸ್ವಲ್ಪಸ್ವಲ್ಪವಾಗಿ ಹೋಗುತ್ತ ಈಗ ಪೂರ್ತಿ ಹೋಗಿದೆ. ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾಳೆ. ಬೇಡವಾದ ಮಾತು ಬಂದರೆ ಮುಖ ಆ ಕಡೆ ತಿರುಗಿಸುತ್ತಾಳೆ, ಹೀಗಾಗಿ ವಾದದಲ್ಲಿ ಅವಳನ್ನು ಗೆದ್ದವರಿಲ್ಲ. ನಾವೆಲ್ಲ ಇದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗಿದ್ದೆವು.

ಈಗ ಹೆಡ್‌ಫೋನಿನ ವಿಷಯ. ಮೂರು ವರ್ಷದ ಹಿಂದೆ, ನೀಲಾ ಪಿಯುಸಿಯಲ್ಲಿದ್ದಾಗ, ಗಂಗಾವತಿಯಲ್ಲಿ ನೆಂಟರ ಮದುವೆಗೆ ಹೋಗಿದ್ದೆವು. ಗಂಗಾವತಿಯವರು ಗದ್ದೆಯ ನೀರು ಕಂಡವರು, ಮದುವೆಗಳೂ ಅದಕ್ಕೆ ತಕ್ಕ ಹಾಗೆ; ಬ್ಯಾಂಡಿನವರೇ ಒಂದು ದಂಡು. ಅಲ್ಲಿ ನೆಂಟರ ಹುಡುಗಿಯೊಬ್ಬಳ ಕೊರಳಲ್ಲಿ ಬೂದಿಬಣ್ಣದ ಒಂದು ಹೆಡ್‌ಫೋನ್ ಇತ್ತು. ಹೊರಗಿನ ಸಪ್ಪಳವನ್ನೇ ಕಡಿದುಹಾಕುವಂಥದ್ದು. ಅವಳು ಅದನ್ನು ನೀಲಾಳ ಕಿವಿಗೆ ಹಾಕಿದಳಂತೆ. ಮನೆಗೆ ಬರುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ಇವಳಿಗೆ ಅದೇ ಮಾತು.

"ಬ್ಯಾಂಡಿನವನ ಕೈ ಆಡಾಕತ್ತಿತ್ತು ಅಪ್ಪಾ, ಸಪ್ಪಳ ಮಾತ್ರ ಎಲ್ಲೋ ದೂರ ಹೋಗಿಬಿಡ್ತು!"

ಬೆಲೆ ಕೇಳಿದೆ. ಕೇಳಿ ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿದೆ. ನಮ್ಮವ್ವನ ಹಾಗೆ ಮುಖ ತಿರುಗಿಸುವುದು ನನಗೂ ಬರುತ್ತದೆ.

ನನ್ನ ಹೆಂಡತಿಯ ತಮ್ಮ ಗಿಣಿಗೇರಾದ ಕಡೆ ಕಬ್ಬಿಣದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಕೆಲಸಗಾರರ ಕಿವಿಗೆ ತುರುಕಿಕೊಳ್ಳಲು ಮೆತ್ತನೆಯ ರಬ್ಬರಿನ ಬಿರಡೆ ಕೊಡುತ್ತಾರೆ. ಅವನಿಂದ ಒಂದು ಜೋಡಿ ತರಿಸಿ ಮಗಳ ಮುಂದೆ ಇಟ್ಟೆ, ದೊಡ್ಡ ಉಪಾಯ ಮಾಡಿದವನ ಹಾಗೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಇದನ್ನ ಹಾಕ್ಕೊಂಡು ಹಾಡು ಹೆಂಗ ಕೇಳ್ಲಿ?" ಎಂದಳು. ಬಿರಡೆಗಳು ಈಗ ಎಣ್ಣೆ ಬಾಟಲಿಯ ಬಾಯಿಗೆ ಉಪಯೋಗವಾಗಿವೆ.

ಕೊಡಿಸುವುದಿಲ್ಲ ಎಂದೆ. ಹಾಗಾದರೆ ದುಡಿದು ತಗೊಳ್ಳುತ್ತೇನೆ ಎಂದಳು. ದಸರಾ ರಜೆ ಎದುರಿಗಿತ್ತು, ಊರ ಹೊರಗಿನ ಹೊಲವೊಂದರಲ್ಲಿ ಕ್ರಾಸಿಂಗ್ ಕೆಲಸ ನಡೆದಿತ್ತು. ನಮ್ಮ ಕಡೆ ಬೀಜದ ಕಂಪನಿಗಳಿಗೆ ಟೊಮೆಟೊ, ಮೆಣಸಿನಕಾಯಿ ಬೀಜ ಬೆಳೆದು ಕೊಡುವ ರೈತರಿದ್ದಾರೆ. ಹೊಲದಲ್ಲಿ ಬಿಳಿ ಬಲೆಯ ಮನೆ ಕಟ್ಟಿ ಅದರೊಳಗೆ ಗಿಡ ಬೆಳೆಸುತ್ತಾರೆ. ಹೆಣ್ಣುಮಕ್ಕಳು ಸಾಲುಸಾಲಾಗಿ ಕೂತು, ಅರಳುವ ಮುಂಚಿನ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಅದರ ಗಂಡು ಭಾಗವನ್ನು ಕಿತ್ತುಹಾಕುತ್ತಾರೆ. ಮರುದಿನ ಬೆಳಿಗ್ಗೆ ಬೇರೆ ತಳಿಯ ಗಂಡು ಹೂವಿನ ಹಳದಿ ಪುಡಿಯನ್ನು ಅದಕ್ಕೆ ಮುಟ್ಟಿಸಿ, ಗುರುತಿಗೆಂದು ಹೂವಿನ ತೊಟ್ಟಿನ ಹತ್ತಿರದ ಹಸಿರು ಎಸಳನ್ನು ಚಿವುಟುತ್ತಾರೆ. ಬೆರಳು ಸಣ್ಣಗಿರಬೇಕು, ಕೈ ನಡುಗಬಾರದು.

ಮನೆಯಲ್ಲಿ ಅದೆಷ್ಟು ಗದ್ದಲವಾಯಿತೆಂದರೆ ಆ ದಿನ ಗಿರಣಿಯ ಸಪ್ಪಳ ನನಗೆ ಕೇಳಿಸಲೇ ಇಲ್ಲ. ನಮ್ಮದು ನಾಲ್ಕು ಜನರ ಕಣ್ಣಿಗೆ ಕಾಣುವ ಮನೆ. ಗಿರಣಿಯವರ ಮಗಳು ಕೂಲಿಗೆ ಹೊರಟಳಂತೆ, ಗಿರಣಿ ಮುಳುಗಿತೇನು ಎಂದು ಬಜಾರಿನಲ್ಲಿ ಕೇಳುವವರಿಗೆ ನಾನು ಏನು ಹೇಳಲಿ? ದುಡಿಯುವ ಹುಮ್ಮಸ್ಸು ಅಷ್ಟಿದ್ದರೆ ನಮ್ಮ ಗಿರಣಿಯಲ್ಲೇ ಹಿಟ್ಟು ಹಿಡಿ ಎಂದೆ.

"ಇಲ್ಲಿ ಮಾಡಿದ್ರ ನನ್ನ ಮಗಳು ಅಂತೀರಿ, ಅಷ್ಟಕ್ಕ ಮುಗೀತು" ಎಂದು ಒದರಿದಳು. "ಅಲ್ಲಿ ಮಾಡಿದ್ರ ಕೆಲಸದಾಕಿ ಅಂತಾರ, ಪಗಾರ ಕೊಡ್ತಾರ."

ಅವ್ವ ನಮ್ಮಿಬ್ಬರ ತುಟಿಗಳನ್ನೂ ನೋಡಿ ಮುಗಿಸಿ, "ಹೋಗ್ಲಿ ಬಿಡೋ, ಬಿಸಲು ತಾಗಿದ್ರ ತಾನಾ ಬರ್ತಾಳ" ಎಂದಳು. ಹೆಂಡತಿ ಬುತ್ತಿ ಕಟ್ಟಿದಳು. ಮನೆಯಲ್ಲಿ ಹೆಣ್ಣುಮಕ್ಕಳು ಮೂವರೂ ಒಂದಾದರೆ ಗಂಡಸಿನ ಮಾತಿಗೆ ಎಷ್ಟು ಬೆಲೆಯೆಂದು ನಿಮಗೆ ಗೊತ್ತೇ ಇದೆ.

ಅವಳೇನೂ ತಾನಾಗಿ ಮರಳಿ ಬರಲಿಲ್ಲ. ಮುಂಜಾನೆ ಹೆಣ್ಣಾಳುಗಳ ಟಂಟಂ ಗಾಡಿಯಲ್ಲಿ ಹೋಗುವಳು, ಸಂಜೆ ಬರುವಳು. ಬೆರಳುಗಳು ಮೊದಲು ಹಸಿರಾದವು, ಆಮೇಲೆ ಕಪ್ಪಾದವು. ಊಟಕ್ಕೆ ಕೂತರೆ ರೊಟ್ಟಿಗಿಂತ ಮುಂಚೆ ಆ ಎಲೆಯ ವಾಸನೆ ಬರುತ್ತಿತ್ತು. ನನಗೋ ಗಿರಣಿಯಲ್ಲಿ ನಿಲ್ಲಲಾಗದು, ಮನೆಯಲ್ಲಿ ಕೂರಲಾಗದು. ಬಿಸಿಲಿಗೆ ತಲೆ ಸುತ್ತಿ ಬಿದ್ದರೆ? ಔಷಧಿ ಹೊಡೆದ ಗಿಡ ಮುಟ್ಟಿ ಏನಾದರೂ ಆದರೆ? ಪುಸ್ತಕ ಮರೆತು ಸಂಬಳದ ರುಚಿ ಹತ್ತಿದರೆ? ಹೀಗೆ ಒಂದೊಂದನ್ನೇ ನೆನೆದು ಗಾಡಿ ಹತ್ತಿ ಹೊರಡುತ್ತಿದ್ದೆ. ಹೋಗಲು ನೆಪ ಬೇಕಲ್ಲ. ಒಂದು ದಿನ ನೀರಿನ ಬಾಟಲಿ ಮರೆತಿದ್ದಾಳೆಂದು ಒಯ್ದೆ. ಅವಳ ಹತ್ತಿರ ಬಾಟಲಿ ಇತ್ತು. ಇನ್ನೊಂದು ದಿನ ಕೊಡೆ ಒಯ್ದೆ. ಬಲೆಯ ಮನೆಯೊಳಗೆ ಕೊಡೆ ಹಿಡಿದು ಹೂವು ಬಿಡಿಸುವುದು ಹೇಗೆಂದು ನಾನು ವಿಚಾರ ಮಾಡಿರಲಿಲ್ಲ. ಹೆಣ್ಣಾಳುಗಳ ಮೇಲ್ವಿಚಾರಣೆಗೆ ದೇವಮ್ಮ ಎಂಬ ಗಟ್ಟಿ ಹೆಣ್ಣುಮಗಳಿದ್ದಳು. ನನ್ನ ಗಾಡಿ ಕಂಡರೆ, "ನೀಲಾ, ನಿಮ್ಮಪ್ಪ ಬಂದಾರ ನೋಡವ್ವಾ, ಇವತ್ತೇನು ತಂದಾರೋ" ಅನ್ನುತ್ತಿದ್ದಳು.

ಅಲ್ಲಿ ನೀಲಾಳ ಪಕ್ಕದ ಸಾಲಿನಲ್ಲಿ ರೇಣುಕಾ ಎಂಬ ಹುಡುಗಿ ಕೂರುತ್ತಿದ್ದಳು. ಇವಳದೇ ವಯಸ್ಸು. ಹತ್ತನೆಯ ತರಗತಿಗೆ ಸಾಲಿ ಬಿಟ್ಟವಳು. ಅವಳ ದುಡಿಮೆ ಮನೆಯ ಜೋಳಕ್ಕೆ, ತಮ್ಮನ ಸಾಲಿಗೆ. ಒಂದು ಸಂಜೆ ಗಿರಣಿ ನಿಲ್ಲಿಸಿದ ಮೇಲೆ ನೀಲಾ ಬಂದು ಚೀಲದ ಮೇಲೆ ಕೂತಳು.

"ರೇಣುಕಾ ಕೇಳಿದ್ಲು ಅಪ್ಪಾ, ನಿಮ್ಮನ್ಯಾಗ ಗಿರಣಿ ಐತಿ, ನೀ ಯಾಕ ಬರ್ತಿ ಅಂತ. ಹೆಡ್‌ಫೋನಿಗೆ ಅಂದೆ. ಆಕಿ ನಕ್ಳು. ಬೈದಿದ್ರ ಛಲೋ ಇತ್ತು."

"ಹಂಗಾದ್ರ ಬಿಟ್ಟುಬಿಡು" ಎಂದೆ, ಸಮಯ ಸಿಕ್ಕಿತೆಂದು.

"ಬಿಟ್ರ ಆಕಿಗೇನು ಸಿಗ್ತೈತಿ?" ಎಂದಳು.

ಶರಣಪ್ಪನಿಗೆ ಹೇಳಬೇಕಾದದ್ದು ಇದನ್ನೇ ಇರಬಹುದು ಎಂದು ಈಗ ಅನಿಸುತ್ತಿದೆ. ಒಬ್ಬಳ ಶೋಕಿ ಇನ್ನೊಬ್ಬಳ ಹೊಟ್ಟೆಪಾಡಿನ ಪಕ್ಕದಲ್ಲಿ ಕೂತು ಒಂದೇ ಕೆಲಸ ಮಾಡುತ್ತದೆ, ಒಂದೇ ಪಗಾರ ತಗೊಳ್ಳುತ್ತದೆ. ಅದು ಸರಿಯೋ ತಪ್ಪೋ ನನಗೆ ತಿಳಿಯದು. ತಿಳಿಯದ್ದಕ್ಕೇ ಆ ದಿನಗಳಲ್ಲಿ ನನಗೆ ಸಿಟ್ಟು ಬರುತ್ತಿತ್ತು, ಸಿಟ್ಟನ್ನು ಬೆಲ್ಟಿನ ಮೇಲೆ, ಆಳಿನ ಮೇಲೆ, ಬಸ್ಸುಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಒಂದು ದಿನ ಖಾನಾವಳಿಯವರ ಖಾರ ಕುಟ್ಟಿ ಕೊಟ್ಟವನು, ಕೈ ಸಹ ಸರಿಯಾಗಿ ತೊಳೆಯದೆ ಗಾಡಿ ಹತ್ತಿದೆ. ಅವತ್ತಿನ ನೆಪ ಏನೆಂದು ಈಗ ನೆನಪಿಲ್ಲ. ಬಲೆಯ ಮನೆಯ ಹೊರಗೆ ಗಾಡಿ ನಿಲ್ಲಿಸಿದೆ. ಒಳಗೆ ಹೆಣ್ಣುಮಕ್ಕಳ ನೆರಳುಗಳು ಬಾಗಿ ಕೂತಿದ್ದವು. ನನಗೆ ಅಲ್ಲಿನ ಶಾಂತಿ ಒಗ್ಗುವುದಿಲ್ಲ, ಕಾಲು ಬದಲಿಸುತ್ತ ನಿಂತೆ. ಬಲೆಯ ಆಚೆ, ನನಗೆ ತೀರ ಹತ್ತಿರದಲ್ಲಿ, ಯಾವುದೋ ಹುಡುಗಿ ಮಾತಾಡುತ್ತಿದ್ದಳು. ಮೆತ್ತನೆಯ ದನಿ. ಅವಸರವಿಲ್ಲ. ಏನೋ ಒಂದು ಕತೆ ಹೇಳುತ್ತಿದ್ದಳು, ನಡುನಡುವೆ ತಾನೇ ಸಣ್ಣಗೆ ನಗುತ್ತಿದ್ದಳು, ಕೇಳುತ್ತಿದ್ದವಳೂ ನಗುತ್ತಿದ್ದಳು. ಯಾರ ಮಗಳೋ, ಎಷ್ಟು ಚೆಂದ ಮಾತಾಡುತ್ತಾಳೆ, ಇವಳ ಮನೆಯವರು ಪುಣ್ಯವಂತರು ಎಂದುಕೊಂಡೆ. ಹಾಗೆ ಕೇಳುತ್ತಲೇ ನಿಂತೆ. ಆಮೇಲೆ ಅವಳು, "ನಮ್ಮಪ್ಪ ಕೊಡೆ ತಂದಿದ್ರಲ್ಲ, ಅವತ್ತು..." ಎಂದಳು.

ನನ್ನ ಮಗಳು. ಹದಿನೇಳು ವರ್ಷ ಒಂದೇ ಸೂರಿನ ಕೆಳಗೆ ಇದ್ದು ಆ ದನಿಯನ್ನು ನಾನು ಕೇಳಿರಲಿಲ್ಲ. ನಾನು ಕೇಳಿದ್ದೆಲ್ಲ ಗಿರಣಿಯ ಸಪ್ಪಳದ ಮೇಲೆ, ಗಿರಣಿ ನಿಂತ ಮೇಲೂ ಅದೇ ಚಟಕ್ಕೆ, ಒದರುವ ದನಿ. ಸಂತೋಷವೂ ಆಯಿತು, ಅದಕ್ಕಿಂತ ಹೆಚ್ಚು ಹೊಟ್ಟೆಕಿಚ್ಚಾಯಿತು. ರೇಣುಕಾಗೆ ದಿನವೂ ಸಿಗುವ ದನಿ ನನಗೆ ಯಾಕಿಲ್ಲ?

ತಡೆಯಲಾರದೆ ಬಲೆ ಸರಿಸಿ ಒಳಗೆ ನುಗ್ಗಿದೆ. "ನೀಲವ್ವಾ!" ಎಂದೆ. ಎಂದೆ ಅಂದರೆ ಒದರಿದೆ. ನನಗೆ ಬರುವುದು ಅದೊಂದೇ. ಬಾಗಿ ಕೂತವರೆಲ್ಲ ಬೆಚ್ಚಿ ತಲೆ ಎತ್ತಿದರು. "ಇಷ್ಟು ಹತ್ರ ನಿಂತ ಯಾಕ ಒದರ್ತೀರ್ರಿ?" ಎಂದಳು ದೇವಮ್ಮ. ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಕೈಗೆ ಏನಾದರೂ ಕೆಲಸ ಬೇಕು. ಪಕ್ಕದ ಕಟ್ಟೆಯ ಮೇಲೆ ಒಂದು ಸಣ್ಣ ಬಟ್ಟಲಿತ್ತು, ಅದರಲ್ಲಿ ನುಣ್ಣನೆಯ ಹಳದಿ ಪುಡಿ.

ನೀವು ಗಿರಣಿಯವನಾಗಿದ್ದರೆ ನೀವೂ ಅದನ್ನೇ ಮಾಡುತ್ತಿದ್ದಿರಿ. ಯಾವುದೇ ಹಿಟ್ಟು ಕಂಡರೂ ನಮ್ಮ ಬೆರಳು ತಾನಾಗಿ ಹೋಗುತ್ತದೆ. ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ನುಣ್ಣಗಾಗಿದೆಯೋ ತರಿ ಉಳಿದಿದೆಯೋ ನೋಡುತ್ತೇವೆ. ನೆಂಟರ ಮನೆಯಲ್ಲಿ ರಂಗೋಲಿ ಪುಡಿಯನ್ನೂ ಹಾಗೆ ನೋಡಿದವನು ನಾನು. ಖಾರ ಹತ್ತಿದ ಬೆರಳುಗಳನ್ನು ಬಟ್ಟಲಿಗೆ ಇಳಿಸಿ, ತಿಕ್ಕಿ, "ಭಾಳ ಛಲೋ ಬಂದೈತಿ" ಎಂದುಬಿಟ್ಟೆ.

ದೇವಮ್ಮ ಹೌಹಾರಿ ಎದ್ದಳು. ಅದು ಆ ಬೆಳಗಿಗೆಂದು ಕೂಡಿಸಿಟ್ಟ ಗಂಡು ಹೂವಿನ ಪುಡಿ. ಹಳದಿಯಲ್ಲಿ ಕೆಂಪು ಕಣಗಳು ಎದ್ದು ಕಾಣುತ್ತಿದ್ದವು. ಯಾರೋ ಸೀನಿದರು, ಅವರ ಹಿಂದೆ ಸಾಲಿಗೆ ಸಾಲೇ ಸೀನಿತು. "ಇದು ಗಿರಣಿ ಅಲ್ರೀ ಯಪ್ಪಾ!" ಎಂದು ಅವಳು ತಲೆಗೆ ಕೈ ಹಚ್ಚಿದಳು. ಬಟ್ಟಲು ಚೆಲ್ಲಬೇಕಾಯಿತು, ಅವತ್ತಿನ ಹೂವುಗಳೆಷ್ಟೋ ಹಾಗೇ ಉಳಿದವು. ಆಳುಗಳ ಪಗಾರ ಹಿಡಿಯಬೇಡಿ, ನಷ್ಟ ನಾನು ತುಂಬುತ್ತೇನೆ ಎಂದು ಹೊಲದವನಿಗೆ ಕೈಮುಗಿದೆ. ಅವನು ನಮ್ಮ ಗಿರಣಿಯ ಗಿರಾಕಿ, ನಕ್ಕು ಬಿಟ್ಟ. ಆದರೆ ದೇವಮ್ಮ ನೀಲಾಳಿಗೆ ಖಡಾಖಂಡಿತ ಹೇಳಿದಳು: ಇನ್ನೊಮ್ಮೆ ನಿಮ್ಮಪ್ಪ ಬಂದರೆ ನೀನೂ ಬರಬೇಡ.

ನೀಲಾ ನನ್ನನ್ನು ಬೈಯಲಿಲ್ಲ. ಹತ್ತಿರ ಬಂದು, ಅದೇ ಮೆತ್ತನೆಯ ದನಿಯಲ್ಲಿ, "ಅಪ್ಪಾ, ನೀವು ಮನಿಗೆ ಹೋಗ್ರಿ" ಎಂದಳು. ಆ ದನಿ ನನಗೆ ಸಿಕ್ಕಿತು, ಸಿಕ್ಕಿದ್ದು ಹೀಗೆ. ನಾನು ಹೋದೆ. ಆಮೇಲೆ ಆ ಹೊಲದ ಕಡೆ ಗಾಡಿ ತಿರುಗಿಸಲಿಲ್ಲ.

ದಸರಾ ರಜೆ ಮುಗಿದ ಮೇಲೆ ರವಿವಾರಗಳಂದು ಹೋದಳು, ದೀಪಾವಳಿಯ ರಜೆಗೂ ಹೋದಳು. ಆ ಸಲದ ಪರೀಕ್ಷೆಯಲ್ಲಿ ಅಂಕ ಸ್ವಲ್ಪ ಕಡಿಮೆ ಬಂತು; ನಾನು ಹೇಳಿರಲಿಲ್ಲವೇ ಎನ್ನಲು ಬಾಯಿ ತೆರೆದೆ, ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡೆ. ಕೊನೆಗೊಂದು ದಿನ ಬೂದಿಬಣ್ಣದ ಹೆಡ್‌ಫೋನ್ ಬಂತು. ಕಪ್ಪಾದ ಬೆರಳುಗಳಿಂದ ಅವಳು ಡಬ್ಬಿ ಬಿಚ್ಚಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲು ಅಜ್ಜಿಯ ತಲೆಗೆ ಹಾಕಿದಳು.

"ಇದ್ರಾಗ ಏನು ಕೇಳಸ್ತೈತಿ?" ಎಂದಳು ಅವ್ವ.

ಏನೂ ಕೇಳಿಸುವುದಿಲ್ಲ, ಸಪ್ಪಳವೆಲ್ಲ ನಿಲ್ಲುತ್ತದೆ ಎಂದು ನೀಲಾ ತುಟಿ ಆಡಿಸಿ, ಕೈ ತೋರಿಸಿ ಹೇಳಿದಳು.

"ಇದಕ್ಕ ಇಷ್ಟು ಕಷ್ಟಾ ಪಟ್ಯಾ?" ಅವ್ವ ಅದನ್ನು ತೆಗೆದು ಮೊಮ್ಮಗಳ ಮಡಿಲಿಗೆ ಹಾಕಿದಳು. "ನಿಮ್ಮಪ್ಪನ ಗಿರಣಿ ನನಗ ಇದನ್ನ ಪುಕ್ಕಟೆ ಕೊಟ್ಟೈತಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ನೀಲಾ ಮಾತ್ರ ನಗಲಿಲ್ಲ. ಆಗ ನಾನು ಅದಕ್ಕೆ ಅಷ್ಟು ಗಮನ ಕೊಡಲಿಲ್ಲ.

ಈಗ ಅವಳು ಕೊಪ್ಪಳದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಡಿಗ್ರಿ ಓದುತ್ತಾಳೆ. ಸಂಜೆ ಗಿರಣಿ ಬಂದ್ ಆದ ಮೇಲೆ ಫೋನು ಮಾಡುತ್ತಾಳೆ. ಇಬ್ಬರೂ ಹಳೆಯ ಚಟಕ್ಕೆ ಒದರುತ್ತೇವೆ. ಅವಳ ಗೆಳತಿಯರು, ಕೊಪ್ಪಳದಿಂದ ಕುಷ್ಟಗಿಗೆ ನಿಮಗೆ ಫೋನು ಯಾಕೆ ಬೇಕು ಎಂದು ಚಾಷ್ಟಿ ಮಾಡುತ್ತಾರಂತೆ. ಬಲೆಯ ಮನೆಯ ದನಿ ಫೋನಿನಲ್ಲಿ ಒಂದು ದಿನವೂ ಬಂದಿಲ್ಲ. ನಾನು ಅದಕ್ಕಾಗಿ ಕಾಯುತ್ತೇನೆಂದು ಅವಳಿಗೆ ಹೇಳಿಲ್ಲ.

ಇಷ್ಟೆಲ್ಲ ನೆನೆಯುತ್ತಿರುವಾಗ, ಶರಣಪ್ಪನ ಜೋಳ ಇನ್ನೂ ಅರ್ಧ ಗಿರಣಿಯ ಬಾಯಲ್ಲಿರುವಾಗ, ಕಿಸೆಯಲ್ಲಿ ಫೋನು ನಡುಗಿತು. ತೆಗೆದು ನೋಡಿದರೆ ನೀಲಾ. ನಡು ಹಗಲಿನಲ್ಲಿ ಅವಳು ಫೋನು ಮಾಡುವವಳಲ್ಲ. ಕಿವಿಗೆ ಹಿಡಿದರೆ ಗಿರಣಿಯ ಸಪ್ಪಳದಲ್ಲಿ ಒಂದಕ್ಷರವೂ ಕೇಳದು. ಹೊರಗೆ ಓಡಿದರೆ ಬಸ್ಸು, ಹಾರ್ನು. ಕೈ ತಾನಾಗಿ ಹೋಗಿ ಬಟನ್ ಒತ್ತಿತು.

"ಬಾಯಾಗ ಜೋಳ ಐತ್ರಿ!" ಎಂದು ಶರಣಪ್ಪ ಕೂಗಿದ. ಬೆಲ್ಟು ಪಟಪಟ ಎಂದು ನಿಧಾನವಾಗಿ, ಕೊನೆಗೆ ನಿಂತುಹೋಯಿತು. ಅಡುಗೆಮನೆಯ ಲೋಟಗಳೂ ಸುಮ್ಮನಾದವು. ಹೆಂಡತಿ ಗಾಬರಿಯಾಗಿ ಬಾಗಿಲಿಗೆ ಬಂದಳು.

"ಅಪ್ಪಾ!" ನೀಲಾ ಆ ಕಡೆಯಿಂದ ಒದರಿದಳು. ಒದರಿ ಅರ್ಧಕ್ಕೆ ತಡೆದಳು. "ಯಾಕ, ಗಿರಣಿ ಸಪ್ಪಳ ಇಲ್ಲ? ಕರೆಂಟ್ ಹೋಗೈತೇನ್ರಿ?"

"ಇಲ್ಲವ್ವಾ, ನಾನಾ ನಿಲ್ಲಿಸೀನಿ. ಏನಾತು? ಮೆತ್ತಗ ಹೇಳು, ಕೇಳಸ್ತೈತಿ."

"ಏನಾಗಿಲ್ಲ. ಕ್ಲಾಸ್ ಇರ್ಲಿಲ್ಲ, ಸುಮ್ನ ಮಾಡಿದೆ." ಆಮೇಲೆ ತಾನೇ ಕೇಳಿದಳು. "ಕಾಳು ಇತ್ತೇನ್ರಿ ಅಪ್ಪಾ?"

"ಇತ್ತು."

ಆ ಮಾತು ಅಲ್ಲಿಗೇ ಬಿಟ್ಟು ಶರಣಪ್ಪನ ವಿಷಯ ಎತ್ತಿದೆ. "ಶರಣಪ್ಪ ಕಾಕಾನ ಮಗಳು ತುಟ್ಟಿ ಫೋನಿಗೆ ಕೆಲಸಕ್ಕ ಹೊಕ್ಕೀನಿ ಅಂತೈತಂತ. ಕಳಿಸ್ಲೋ ಬ್ಯಾಡೋ ಅಂತ ಕೇಳಾಕತ್ಯಾರ. ನೀ ಏನಂತಿ?"

"ಯಾಕ ಬೇಕಂತ ಆಕೀನ ಕೇಳ್ಯಾರೇನು?" ದನಿ ಇಳಿದಿತ್ತು. ಬಲೆಯ ಆಚೆಯಿಂದ ಕೇಳಿದ ಅದೇ ದನಿ. ಫೋನು ಹಿಡಿದ ಬೆರಳಿನಿಂದ ಎಲೆಯ ವಾಸನೆಯೂ ಅದರ ಜೊತೆಗೆ ಬಂತು. "ನಾ ನಿಮಗ ಹೇಳಿದ್ದೆ ಅಪ್ಪಾ, ಹೆಡ್‌ಫೋನ್ ಯಾಕ ಬೇಕಂತ. ನೀವು ಗಿರಣಿ ಮುಂದ ನಿಂತಿದ್ರಿ. 'ಹಾಂ?' ಅಂದ್ರಿ. ಮತ್ತ ಹೇಳಿದೆ, ಮತ್ತ 'ಹಾಂ?' ಅಂದ್ರಿ. ಆಮ್ಯಾಲ ಬಿಟ್ಟೆ."

"ಈಗ ಹೇಳವ್ವಾ."

"ಅರ್ಧಾ ಶೋಕಿನ ಇತ್ತು, ಸುಳ್ಳ್ಯಾಕ ಹೇಳ್ಲಿ. ಇನ್ನರ್ಧಾ ಹೆದರಿಕಿ. ಗಿರಣಿ ನಿಂತ ಮ್ಯಾಲೂ ನನ್ನ ಕಿವ್ಯಾಗ ಗಿರಣಿ ನಡೀತಿತ್ತು ಅಪ್ಪಾ. ಅಜ್ಜಿ ಹಂಗ ಆಗ್ತೀನೇನೋ ಅಂತ ಅನಸ್ತಿತ್ತು. ಇಲ್ಲಿಗೆ ಬಂದ ಮ್ಯಾಲೆ ಕಡಿಮಿ ಆಗೈತಿ, ಅಂಜಬ್ಯಾಡ್ರಿ."

ನಿಂತ ಗಿರಣಿಯಲ್ಲಿ ಆ ಮಾತು, ನನ್ನ ಪಕ್ಕಕ್ಕೇ ಬಂದು ನಿಂತಿದ್ದ ಶರಣಪ್ಪನಿಗೂ ಕೇಳಿಸಿತು. ಅವನು ಡಬ್ಬಿಯ ಮುಚ್ಚಳವನ್ನು ಚೀಲದ ಮೇಲೆ ಇಟ್ಟ. "ಜೋಳ ಇರ್ಲಿ, ಆಮ್ಯಾಲ ಬರ್ತೀನಿ" ಎಂದು, ನನ್ನ ಆಯುಷ್ಯದಲ್ಲಿ ಮೊದಲ ಸಲ, ಮೆಲ್ಲಗೆ ಹೇಳಿದ. ಅಂಗಡಿಯ ಕಡೆ ಹೋಗದೆ, ಮಗಳಿರುವ ಮನೆಯ ಕಡೆ ನಡೆದ.

"ಅಪ್ಪಾ, ಅದೀರೇನ್ರಿ?" ಎಂದಳು ನೀಲಾ. "ನಿಮಗ? ನಿಮ್ಮ ಕಿವ್ಯಾಗ ಹಂಗೇನಿಲ್ಲಲ್ಲ?"

ಗಿರಣಿ ನಿಂತಿತ್ತು, ಬೆಲ್ಟು ನಿಂತಿತ್ತು. ಗುಂಯ್ ಎಂಬುದು ಮಾತ್ರ ನಡೆದೇ ಇತ್ತು. ಎಷ್ಟೋ ವರ್ಷಗಳಿಂದ ನನ್ನನ್ನು ಒಂದು ಕಡೆ ಕೂರಗೊಡದ ಅದನ್ನು ನಾನು ಯಾರಿಗೂ ಹೇಳಿರಲಿಲ್ಲ; ಹೇಳುವಂಥದ್ದು ಎಂದೇ ತಿಳಿದಿರಲಿಲ್ಲ. ಸ್ಟೂಲು ಎಳೆದು, ಎರಡೂ ಕಾಲು ಒಳಗಿಟ್ಟು ಕೂತೆ.

"ಐತವ್ವಾ" ಎಂದೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ, ಅಷ್ಟು ಮೆತ್ತಗಿತ್ತು.